ಹಗುರವೋ, ಭಾರವೋ?

ಸಂತೆಯಲ್ಲಿ ಎತ್ತು ಆರಿಸುವುದು, ಅಂಗಡಿಯಲ್ಲಿ ಸೀರೆ ಆರಿಸುವುದು, ಮನೆಗೆ ಅಳಿಯನನ್ನು ಆರಿಸುವುದು, ಇವು ಮೂರೂ ಬಲು ಕಷ್ಟದ ಕೆಲಸಗಳೆಂದು ನಮ್ಮ ಹಳ್ಳಿಯ ಹಿರಿಯರು ಹೇಳುವುದುಂಟು. ನಾಲ್ಕನೆಯದೊಂದಿದೆ, ಅದು ಅವರ ಅನುಭವಕ್ಕೆ ಬಂದಿಲ್ಲ. ಅದೆಂದರೆ ಬಂದೂಕಿನ ಆಯ್ಕೆ. ವಾಚಕರು ಗಾಬರಿಯಾಗಬಾರದು. ನಾನು ಬಂದೂಕು ಕೊಳ್ಳಲು ಹೊರಟವನಲ್ಲ. ನಮ್ಮ ಮನೆಯಲ್ಲಿ ಕೊಳ್ಳಬೇಕಾದ ವಸ್ತುಗಳ ಪಟ್ಟಿ ಬಹಳ ಉದ್ದವಾದುದು; ಅದರ ತಲೆಯ ಮೇಲೆ ಕೊಳವೆಬಾವಿಯ ಮೋಟಾರು ನಾಲ್ಕು ವರ್ಷಗಳಿಂದ ಕುಳಿತಿದೆ. ನಾನು ಆರಿಸಬೇಕಾಗಿ ಬಂದದ್ದು ಸರ್ಕಾರದ ಬಂದೂಕನ್ನು, ಅದೂ ಐದೇ ಐದು ಗುಂಡುಗಳ ಮಟ್ಟಿಗೆ. ಆದರೂ ಆ ಆಯ್ಕೆ ಮೂರು ರಾತ್ರಿ ನನ್ನ ನಿದ್ದೆ ಕೆಡಿಸಿತು. ಅದರ ಫಲವಂತೂ ಇಂದಿಗೂ ನನ್ನ ಸಂಗಡವೇ ಇದೆ.

ಎರಡನೆಯ ಬಿ.ಎ.ಯಲ್ಲಿದ್ದಾಗ ಎನ್.ಸಿ.ಸಿ.ಯ ಹತ್ತು ದಿನಗಳ ವಾರ್ಷಿಕ ಶಿಬಿರಕ್ಕೆ ಹೋಗಿದ್ದೆ. ಅಲ್ಲಿ ನಮಗೆ ದೊರೆತ ಕೊಠಡಿಯಲ್ಲಿ ನಾಲ್ವರು. ಒಬ್ಬ ಚನ್ನಗಿರಿಯವನು, ಒಬ್ಬ ಹೊನ್ನಾಳಿಯವನು, ಒಬ್ಬ ನ್ಯಾಮತಿಯವನು, ನಾಲ್ಕನೆಯವನು ಜಗಳೂರು ಸೀಮೆಯ ನಾನು. ಹೆಸರಿಗೆ ನಮ್ಮದೆಲ್ಲ ಒಂದೇ ಜಿಲ್ಲೆ. ಆದರೆ 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ಒಂದು ಕಡೆ ಸೂಳೆಕೆರೆಯ ನೀರು ಮತ್ತು ಅಡಿಕೆತೋಟ, ಒಂದು ಕಡೆ ತುಂಗಭದ್ರೆಯ ದಂಡೆ, ಇನ್ನೊಂದು ಕಡೆ ಮುಗಿಲು ನೋಡುವ ನಮ್ಮ ಮಳೆಯಾಶ್ರಿತ ಹೊಲ. ನ್ಯಾಮತಿಯೋ, ಹೊನ್ನಾಳಿಯಿಂದ ಬೇರೆಯಾಗಿ ತಾನೇ ಒಂದು ತಾಲ್ಲೂಕಾದುದು. ಆದ್ದರಿಂದ ಅಲ್ಲಿಯವನು ಹೊನ್ನಾಳಿಯವನ ಯಾವ ಮಾತನ್ನೂ ವಿಚಾರಣೆಯಿಲ್ಲದೆ ಒಪ್ಪುತ್ತಿರಲಿಲ್ಲ. ಇಂಥ ನಾಲ್ವರನ್ನು ಒಂದೇ ಕೊಠಡಿಯಲ್ಲಿಟ್ಟ ಮೇಲೆ ‘ಏಕತೆ ಮತ್ತು ಶಿಸ್ತು’ ಎಂಬ ಧ್ಯೇಯವಾಕ್ಯಕ್ಕೆ ಎಂಥ ಪರೀಕ್ಷೆ ಬಂದಿರಬೇಕೆಂಬುದನ್ನು ತಾವೇ ಊಹಿಸಬಹುದು.

ಐದನೆಯ ದಿನ ಗುಂಡು ಹಾರಿಸುವ ಅಭ್ಯಾಸ. ಶಸ್ತ್ರಾಗಾರದಲ್ಲಿ ಎರಡು ಬಗೆಯ ರೈಫಲುಗಳಿದ್ದವು. ಎರಡೂ ‘ಪಾಯಿಂಟ್ 22’; ಎಂದರೆ ಗುಂಡಿನ ದಪ್ಪ ಒಂದು ಅಂಗುಲದ ನೂರು ಪಾಲಿನಲ್ಲಿ ಇಪ್ಪತ್ತೆರಡು, ಸುಮಾರು ಐದೂವರೆ ಮಿಲಿಮೀಟರು, ಒಂದು ತೊಗರಿಕಾಳಿನಷ್ಟು. ಈ ತೋಟದ ಒಂದು ವಿಶೇಷವನ್ನು ಹವಾಲ್ದಾರ್ ಸಾಹೇಬರು ಅಂಗೈಯಲ್ಲಿಟ್ಟು ತೋರಿಸಿದರು. ದೊಡ್ಡ ತೋಟಗಳಲ್ಲಿ ಬುಡದ ನಡುವೆ ಒಂದು ಪುಟ್ಟ ಕೇಪು ಇರುತ್ತದೆ. ಬಡಿತ ಬೀಳುವುದು ಅದರ ಮೇಲೆ. ಇದರಲ್ಲಿ ಕೇಪೇ ಇಲ್ಲ. ಹೊತ್ತಿಕೊಳ್ಳುವ ಮದ್ದು ಬುಡದ ಅಂಚಿನ ಮಡಿಕೆಯೊಳಗೆ ಸುತ್ತಲೂ ಅಡಗಿರುತ್ತದೆ, ಬಡಿತವೂ ಅಂಚಿಗೇ. ಒಮ್ಮೆ ಹಾರಿದ ಮೇಲೆ ಅದರ ಚಿಪ್ಪಿಗೆ ಮತ್ತೆ ಮದ್ದು ತುಂಬಲಾಗದು. ಬೆಲೆ ಕಡಿಮೆ, ಸದ್ದು ಕಡಿಮೆ, ಹೆಗಲಿಗೆ ಬೀಳುವ ಒದೆಯಂತೂ ಇಲ್ಲವೆಂದೇ ಹೇಳಬಹುದು. ಕಲಿಯುವ ಹುಡುಗರಿಗೆ ಹೇಳಿಮಾಡಿಸಿದಂತಿದೆ. ಕಲಿಯುವವರಿಗೆ ಮಾತ್ರವೆಂದು ಯಾರೂ ಭಾವಿಸಬಾರದು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕೊಲ್ಲಾಪುರ ಜಿಲ್ಲೆಯ ಹಳ್ಳಿಯಿಂದ ಬಂದ ಸ್ವಪ್ನಿಲ್ ಕುಸಾಳೆ ಐವತ್ತು ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಕಂಚು ಗೆದ್ದುದು ಈ ತೊಗರಿಕಾಳಿನಂಥ ಗುಂಡಿನಿಂದಲೇ.

ಇನ್ನು ಆ ಎರಡು ರೈಫಲುಗಳು. ಮೊದಲನೆಯದು ‘ನಂಬರ್ 2, ಮಾರ್ಕ್ 4’ ಎಂಬ ಮುದುಕ. ಉದ್ದ 45 ಅಂಗುಲ, ತೂಕ 8 ಪೌಂಡು 10 ಔನ್ಸು. ಹೆಚ್ಚುಕಡಿಮೆ ನಾಲ್ಕು ಕಿಲೋ. ಹುಟ್ಟಿನಿಂದ ಇದು ಮೊದಲ ಮಹಾಯುದ್ಧದ ಸಿಪಾಯಿಗಳು ಹೊತ್ತ .303 ಲೀ-ಎನ್‌ಫೀಲ್ಡ್ ವಂಶದ್ದು. ಸಣ್ಣ ಗುಂಡಿಗೆಂದು ಅದರ ನಳಿಗೆಯನ್ನು ಕಿರಿದು ಮಾಡಿದ್ದಾರೆ, ಮೈಯನ್ನು ಹಾಗೆಯೇ ಬಿಟ್ಟಿದ್ದಾರೆ. ಒಂದು ಸಲಕ್ಕೆ ಒಂದೇ ಗುಂಡು ತುಂಬಬೇಕು. ಎರಡನೆಯದು ‘ಡೀಲಕ್ಸ್’. ಉದ್ದ 43 ಅಂಗುಲ, ತೂಕ 6 ಪೌಂಡು 2 ಔನ್ಸು, ಐದು ಗುಂಡುಗಳ ಮ್ಯಾಗಜೀನು. ಎರಡಕ್ಕೂ ಇರುವ ಅಂತರ ಒಂದು ಸೇರು ಜೋಳಕ್ಕೆ ತುಸು ಹೆಚ್ಚು. ಆ ಒಂದು ಸೇರಿನ ಸುತ್ತಲೇ ನಮ್ಮ ಕೊಠಡಿಯಲ್ಲಿ ಮಹಾಭಾರತ ನಡೆಯಿತು.

ಕಾರಣವಿಷ್ಟೆ. ಅಂತರ ಕಾಲೇಜು ಸ್ಪರ್ಧೆಯ ತಂಡಕ್ಕೆ ನಮ್ಮ ಕಂಪನಿಯಿಂದ ಒಂದೇ ಸ್ಥಾನ ಉಳಿದಿತ್ತು. ಅಭ್ಯಾಸದ ಅಂಕಗಳನ್ನು ನೋಡಿ ಹವಾಲ್ದಾರರು ಮೂವರ ಹೆಸರನ್ನು ಓದಿದರು: ಚನ್ನಗಿರಿ, ಹೊನ್ನಾಳಿ, ಜಗಳೂರು. “ಮೂರು ದಿನ ಸಮಯ ಇದೆ. ಯಾವ ರೈಫಲ್ ಬೇಕೋ ಆರಿಸಿಕೊಳ್ಳಿ. ಆಮೇಲೆ ಬದಲಾಯಿಸುವ ಹಾಗಿಲ್ಲ” ಎಂದರು. ಬಂದೂಕುಗಳ ವಿಷಯದಲ್ಲಿ ನಮ್ಮೆಲ್ಲರಿಗಿಂತ ಹೆಚ್ಚು ಬಲ್ಲವನಾದ ನ್ಯಾಮತಿಯವನ ಐದು ಗುಂಡುಗಳಲ್ಲಿ ಮೂರು ಹಲಗೆಯ ಹೊರಗೆ ಮಣ್ಣುದಿಬ್ಬ ಸೇರಿದ್ದರಿಂದ ಅವನು ನಮಗೆ ಸಲಹೆಗಾರನಾದನು.

ಚನ್ನಗಿರಿಯವನದು ಭಾರದ ಪಕ್ಷ. “ಅಡಿಕೆ ಗೊನೆ ಕೀಳೋ ದೋಟಿ ಹಿಡಿದು ನೋಡಿದ್ದೀಯೇನೋ? ತೆಳ್ಳನೆ ದೋಟಿ ಗಾಳಿಗೆ ನಾಗರಹಾವಿನ ಹಂಗೆ ಆಡ್ತದೆ. ಭಾರ ಇದ್ದದ್ದು ನೆಟ್ಟಗೆ ನಿಲ್ತದೆ” ಎಂದು ಅವನ ವಾದ. ಹೊನ್ನಾಳಿಯವನು ಹಗುರದ ಪಕ್ಷ. “ಹರಿಗೋಲಿನ ಹುಟ್ಟು ಭಾರ ಆದ್ರೆ ನಡು ಹೊಳೆಯಾಗೆ ರಟ್ಟೆ ಬೀಳ್ತಾವೆ. ಆಮೇಲೆ ಹೊಳೆ ಕರಕೊಂಡು ಹೋದ ಕಡೆ ಹೋಗ್ಬೇಕು” ಎಂದನು.

ನ್ಯಾಮತಿಯವನು ಇಬ್ಬರನ್ನೂ ಬಿಟ್ಟು ಅಮೆರಿಕಕ್ಕೆ ಹೋದನು. ಇಂಥದೇ ಜಗಳ ಅಲ್ಲಿ ರಿವಾಲ್ವರುಗಳ ವಿಷಯದಲ್ಲಿ ನಡೆದಿತ್ತಂತೆ. 1930ರ ಸುಮಾರಿಗೆ ಕೋಲ್ಟ್ ಕಂಪನಿ ಗುರಿಗಾರರಿಗೆಂದು ‘ಆಫೀಸರ್ಸ್ ಮಾಡೆಲ್’ ರಿವಾಲ್ವರನ್ನು ಪಾಯಿಂಟ್ 22ರಲ್ಲಿ ತಂದಿತು. ಅದರ ಬೆನ್ನಿಗೇ ಸ್ಮಿತ್ ಅಂಡ್ ವೆಸನ್ ಕಂಪನಿ ‘ಕೆ-22’ ತಂದಿತು. ಗುರಿಗಾರರಲ್ಲಿ ಎರಡು ಪಂಗಡಗಳಾದವು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸ್ಮಿತ್ ಅಂಡ್ ವೆಸನ್ನಿನವರು ಒಂದು ಜಾಣತನ ಮಾಡಿದರು. .22, .32, .38 ಈ ಮೂರು ಅಳತೆಯ ರಿವಾಲ್ವರುಗಳನ್ನೂ ಗುಂಡು ತುಂಬಿದಾಗ ಹೆಚ್ಚುಕಡಿಮೆ ಒಂದೇ ತೂಕ ಬರುವಂತೆ ತಯಾರಿಸಿದರು. ಅಗ್ಗದ ಸಣ್ಣ ಗುಂಡಿನಲ್ಲಿ ಕಲಿತ ಕೈಗೆ ದೊಡ್ಡದು ಹಿಡಿದಾಗ ಹೊಸದೆನಿಸಬಾರದು, ಅದಕ್ಕೆ. “ನಮ್ಮ ಮುದುಕನ ಲೆಕ್ಕವೂ ಅದೇ. ಗುಂಡು ಮಕ್ಕಳದು, ತೂಕ ಸಿಪಾಯಿಯದು” ಎಂದು ಅವನು ಮುಗಿಸಿದನು. ಮಣ್ಣುದಿಬ್ಬಕ್ಕೆ ಗುಂಡು ಹೊಡೆದವನ ಮಾತು ಇಷ್ಟು ಚೆನ್ನಾಗಿರಬಹುದೆಂದು ನಾವು ನಿರೀಕ್ಷಿಸಿರಲಿಲ್ಲ.

ನಿಜ ಹೇಳಬೇಕೆಂದರೆ ನನಗೆ ಸಲಹೆಯ ಅಗತ್ಯವೇ ಇರಲಿಲ್ಲ. ಗುರಿಹಲಗೆಯ ಕಾಗದ ಉತ್ತರವನ್ನು ಆಗಲೇ ಬರೆದಿತ್ತು. ಇಪ್ಪತ್ತೈದು ಗಜದಿಂದ ಐದು ಗುಂಡು ಹೊಡೆದಾಗ ತೂತುಗಳು ಎಷ್ಟು ಹತ್ತಿರ ಬೀಳುತ್ತವೆಂಬುದೇ ಅಲ್ಲಿನ ಅಳತೆ. ಹಗುರದ ಡೀಲಕ್ಸಿನಲ್ಲಿ ನನ್ನ ಐದೂ ಗುಂಡು ನಾಲ್ಕು ಸೆಂಟಿಮೀಟರಿನೊಳಗೆ ಕೂತಿದ್ದವು. ಮುದುಕನಲ್ಲಿ ಏಳು. ನನ್ನ ತೂಕ ಆಗ 47 ಕಿಲೋ. ನೆಲದ ಮೇಲೆ ಬೋರಲು ಮಲಗಿ ಎಡಮೊಣಕೈ ಊರಿದರೆ ಭಾರದ ರೈಫಲಿನಡಿಯಲ್ಲಿ ಮೂರನೆಯ ಗುಂಡಿಗೇ ಮೊಣಕೈ ನಡುಗುತ್ತಿತ್ತು. ಇಷ್ಟು ಗೊತ್ತಿದ್ದೂ ಮೂರನೆಯ ದಿನ ಬೆಳಿಗ್ಗೆ ಹವಾಲ್ದಾರರು ಕೇಳಿದಾಗ ನನ್ನ ಕೈ ಮುದುಕನ ಕಡೆಗೇ ಹೋಯಿತು. ಏಕೆಂದರೆ ಹಿಂದಿನ ದಿನ ಯಾರೋ ಡೀಲಕ್ಸನ್ನು ‘ಹುಡುಗರ ಆಟಿಕೆ’ ಎಂದಿದ್ದರು. ಮುದುಕನನ್ನು ‘ಅಸಲಿ ಫೌಜಿ’ ಎಂದಿದ್ದರು. ಸುತ್ತಲೂ ಅರವತ್ತು ಮಂದಿ ಕೆಡೆಟ್ಟುಗಳು ನಿಂತಿದ್ದರು.

ಗುಂಡು ಹೊಡೆಯುವ ಅಂಕಣದ ಮಾತೆಲ್ಲ ಹಿಂದಿಯಲ್ಲಿ. ‘ಭರ್’ ಎಂದರೆ ತುಂಬು. ‘ಖಾಲಿ ಕರ್’ ಎಂದರೆ ಬರಿದು ಮಾಡು. ಅವರ ಇನ್ನೊಂದು ಮಾತು ‘ಶಿಸ್ತ್ ಲೇನಾ’. ಮೊದಲ ದಿನ ಇದನ್ನು ಕೇಳಿದಾಗ ನಾನು ಮಲಗಿದ್ದಲ್ಲೇ ಶಿಸ್ತಿನಿಂದ ಕಾಲು ಜೋಡಿಸಿದ್ದೆ. ಹವಾಲ್ದಾರರು ನಕ್ಕು, ಅವರ ಮಾತಿನಲ್ಲಿ ಶಿಸ್ತ್ ಎಂದರೆ ಗುರಿ ಹಿಡಿಯುವುದು ಎಂದು ತಿಳಿಸಿದರು. ನಮ್ಮಲ್ಲಿ ಶಿಸ್ತು ಎಂದರೆ ಇತರರು ನೋಡುವಂತೆ ನೆಟ್ಟಗೆ ನಿಲ್ಲುವುದು; ಅಲ್ಲಿ ಶಿಸ್ತ್ ಎಂದರೆ ಕಣ್ಣು, ಹಿಂದಿನ ಕಂಡಿ, ಮುಂದಿನ ಮೊನೆ, ಗುರಿ, ಈ ನಾಲ್ಕನ್ನು ಒಂದೇ ಗೆರೆಗೆ ತರುವುದು. ಹೊರಗಿನವರಿಗೆ ಇದು ಕಾಣುವುದೇ ಇಲ್ಲ. ಆ ದಿನ ನಾನು ಕನ್ನಡದ ಶಿಸ್ತನ್ನು ತೋರಿಸಿದೆ, ಬೇಕಾಗಿದ್ದುದು ಹಿಂದಿಯದು.

ಮೊದಲ ಎರಡು ಗುಂಡು ಚೆನ್ನಾಗಿಯೇ ಹೋದವು. ಮೂರನೆಯದಕ್ಕೆ ಉಸಿರು ಬಿಗಿಹಿಡಿದೆ, ಮೊಣಕೈ ನಡುಗಿತು. ಉಸಿರು ಬಿಟ್ಟು ಮತ್ತೆ ಹಿಡಿಯಬೇಕಿತ್ತು. ಬಿಡಲಿಲ್ಲ, ಕುದುರೆಯನ್ನು ಸೆಳೆದುಬಿಟ್ಟೆ. ನಾಲ್ಕನೆಯದನ್ನು ಭಯದಿಂದಲೂ ಐದನೆಯದನ್ನು ಬೇಸರದಿಂದಲೂ ಹೊಡೆದೆ. ಕಾಗದ ತಂದು ಅಳೆದರು. ಹೊನ್ನಾಳಿಯವನು ಹಗುರದಲ್ಲಿ ಮೂರೂವರೆ ಸೆಂಟಿಮೀಟರು. ಚನ್ನಗಿರಿಯವನು ಭಾರದಲ್ಲಿ ಐದು. ಅವನ ಮೈಕಟ್ಟಿಗೆ ಆ ಭಾರ ಒಪ್ಪುತ್ತಿತ್ತು. ನಾನು ಒಂಬತ್ತು. ನಾಲ್ಕು ಸೆಂಟಿಮೀಟರಿನ ಹುಡುಗ ಒಂಬತ್ತಕ್ಕೆ ಇಳಿದದ್ದನ್ನು ಕಂಡು ಹವಾಲ್ದಾರರು ಬಯ್ಯಲೂ ಇಲ್ಲ. ಕಾಗದವನ್ನು ಮಡಿಸಿ ನನ್ನ ಜೇಬಿನಲ್ಲಿಟ್ಟರು.

ಊರಿಗೆ ಹೋದಾಗ ರಾತ್ರಿ ಅಪ್ಪನ ಜೊತೆ ಮೆಕ್ಕೆಜೋಳದ ಕಾವಲಿಗೆ ಹೋದೆ. ನಮ್ಮದು ರಂಗಯ್ಯನದುರ್ಗದ ಕಾಡಿನ ಕಡೆ. 2011ರಿಂದ ಅದು ಕೊಂಡುಕುರಿಗಳ ಅಭಯಾರಣ್ಯ. ಕೊಂಡುಕುರಿ ಸಾಧುಪ್ರಾಣಿ, ಅದರಿಂದ ತೊಂದರೆಯಿಲ್ಲ, ಹಂದಿಗಳು ಹಾಗಲ್ಲ. ಅಪ್ಪನ ಆಯುಧ ಒಂದು ತಗಡಿನ ಡಬ್ಬ, ಒಂದು ಕವಣೆ. ಕವಣೆಯ ಕಲ್ಲು ಹಂದಿಗೆ ತಾಗಬೇಕಾಗಿಲ್ಲ. ಹತ್ತಿರ ಬಿದ್ದು ಸದ್ದಾದರೆ ಸಾಕು. ಅಟ್ಟಣೆಯ ಮೇಲೆ ಕುಳಿತು ಪೌಂಡು, ಔನ್ಸು, ಲೀ-ಎನ್‌ಫೀಲ್ಡ್, ಅಮೆರಿಕದ ರಿವಾಲ್ವರು ಎಲ್ಲವನ್ನೂ ವಿವರಿಸಿದೆ. ಮೂರನೆಯ ತರಗತಿಗೇ ಶಾಲೆ ಬಿಟ್ಟ ಅಪ್ಪ ಬೀಡಿ ಸೇದುತ್ತ ಕೇಳಿದರು.

“ನಿನ್ನ ಕೈಗೆ ಯಾವ್ದು ಒಪ್ತಿತ್ತಪ್ಪಾ?”

“ಹಗುರದ್ದು.”

“ಮತ್ತೆ ಅದನ್ಯಾಕೆ ಬಿಟ್ಟೆ?”

ನಾನು ಸುಮ್ಮನಿದ್ದೆ.

“ನೋಡೋರು ಭಾಳ ಜನ ಇದ್ರಾ?”

ನನ್ನ ಮೂರು ರಾತ್ರಿಗಳ ವಾದವಿವಾದವನ್ನು ಆ ಒಂದು ಪ್ರಶ್ನೆ ಮುಗಿಸಿಬಿಟ್ಟಿತು.

ಈಗ ಅಂತಿಮ ವರ್ಷ. ನಮ್ಮ ಮನೆತನದಲ್ಲಿ ಪದವಿಯ ಬಾಗಿಲಿಗೆ ಬಂದವನು ನಾನೇ ಮೊದಲಿಗ. ಮುಂದೇನೆಂದು ಊರಿನಲ್ಲಿ ಎಲ್ಲರೂ ಕೇಳುತ್ತಾರೆ, ಉತ್ತರವನ್ನೂ ಅವರೇ ಹೇಳುತ್ತಾರೆ: ಪೊಲೀಸು, ಇಲ್ಲವೆ ಮಿಲಿಟರಿ; ಎನ್.ಸಿ.ಸಿ. ಮಾಡಿದ ಹುಡುಗನಲ್ಲವೇ! ಖಾಕಿ ತೊಟ್ಟು ಬಸ್ಸಿನಿಂದಿಳಿಯುವ ನನ್ನನ್ನು ಅವರು ಆಗಲೇ ಕಂಡಿದ್ದಾರೆ. ನಾನೂ ಕೆಲವು ಸಲ ಕಂಡಿದ್ದೇನೆ. ಆದರೆ ಗ್ರಂಥಾಲಯದ ಮೂಲೆಯಲ್ಲಿ ಪಾಳೆಯಗಾರರ ಇತಿಹಾಸವನ್ನೋ ಶಾಸನದ ಪಾಠವನ್ನೋ ಓದುತ್ತಿರುವಾಗ ನನ್ನ ಮೊಣಕೈ ನಡುಗುವುದಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಬೇಕೆಂಬ ಆಸೆಯನ್ನು ನಮ್ಮ ಅಧ್ಯಾಪಕರಲ್ಲಿ ಒಬ್ಬರಿಗೆ ಮಾತ್ರ ಹೇಳಿದ್ದೆ; ಈಗ ಇಲ್ಲಿ ಎಲ್ಲರಿಗೂ ಹೇಳಿದಂತಾಯಿತು.

ಇದರಲ್ಲಿ ಹಗುರವಾವುದು, ಭಾರವಾವುದು ಎಂದು ನಾನು ತೂಗಿ ಹೇಳಲಾರೆ. ಅಕ್ಕನ ಮದುವೆಯ ಸಾಲವಿದೆ. ಸಾಲಕ್ಕೆ ಪ್ರಬಂಧ ಓದುವ ಅಭ್ಯಾಸವಿಲ್ಲ. ಆದ್ದರಿಂದ ಕಾನ್‌ಸ್ಟೇಬಲ್ ಪರೀಕ್ಷೆಗೂ ಕೂಡುತ್ತೇನೆ, ಎಂ.ಎ.ಗೂ ಅರ್ಜಿ ಹಾಕುತ್ತೇನೆ. ಎರಡೂ ದೊರೆತರೆ, ಹಗಲಿನಲ್ಲಿ ಕಟ್ಟೆಯ ಮೇಲೆ ಕುಳಿತು ಯಾರನ್ನೂ ಕೇಳುವುದಿಲ್ಲ. ರಾತ್ರಿ ಅಟ್ಟಣೆ ಹತ್ತಿ, ನೋಡುವವರಿಲ್ಲದ ಕಡೆ ಅಪ್ಪನೊಡನೆ ಕುಳಿತು ತೀರ್ಮಾನಿಸುತ್ತೇನೆ. ಖಾಕಿ ತೊಡುವುದಾದರೂ ಸಾಲಕ್ಕಾಗಿ ತೊಟ್ಟೇನು, ಬಸ್‌ಸ್ಟ್ಯಾಂಡಿಗಾಗಿ ತೊಡಲಾರೆ.

ಇಷ್ಟರಲ್ಲೇ ‘ಸಿ’ ಪ್ರಮಾಣಪತ್ರದ ಪರೀಕ್ಷೆಯಿದೆ. ಮತ್ತೆ ಐದು ಗುಂಡು. ಒಂಬತ್ತು ಸೆಂಟಿಮೀಟರಿನ ಆ ಕಾಗದ ಇಂದಿಗೂ ನನ್ನ ಪೆಟ್ಟಿಗೆಯಲ್ಲಿದೆ. ಈ ಸಲ ಆರಿಸಲು ಬಿಟ್ಟರೆ ಡೀಲಕ್ಸನ್ನೇ ಕೇಳುತ್ತೇನೆ. ಹೊನ್ನಾಳಿಯ ಗೆಳೆಯ ನನ್ನನ್ನು ಹುರಿದುಂಬಿಸಲು ತಾನೇ ಬರುವೆನೆಂದು ಹೇಳಿ ಕಳುಹಿಸಿದ್ದಾನೆ. ದಯವಿಟ್ಟು ಬರಬೇಡವೆಂದು ತಿಳಿಸಿದ್ದೇನೆ.

(ಅಂತಿಮ ಬಿ.ಎ. ವಿದ್ಯಾರ್ಥಿ)