ಕೊಟ್ಟಿಗೆಯಲ್ಲಿದ್ದ ಇಂಜಿನ್ನು

ಹೊಸನಗರ ತಾಲ್ಲೂಕಿನ ನಮ್ಮ ಹಳೆಯ ಮನೆಯ ಕೊಟ್ಟಿಗೆಯಲ್ಲಿ, ಗೋಣಿತಾಟು ಹೊದಿಸಿದ ಮೋಟಾರು ಇಂಜಿನ್ನೊಂದು ಕಾಲು ಶತಮಾನಕ್ಕೂ ಮೇಲ್ಪಟ್ಟು ಬಿದ್ದುಕೊಂಡಿತ್ತು. ಮಠದಲ್ಲಿ ವ್ಯಾಕರಣವನ್ನೂ ಶಾಸ್ತ್ರವನ್ನೂ ಓದಿದ ನಮಗೆ ಇಂಜಿನ್ನಿನ ಗೊಡವೆ ಏಕೆಂದು ಓದುಗ ಬಂಧುಗಳು ಕೇಳಬಹುದು. ಅದರ ಹಿಂದೆ ನಮ್ಮ ತಾಯಿಯವರ ಕಥೆಯೊಂದಿದೆ, ಅದಕ್ಕಾಗಿಯೇ ಬರೆಯುತ್ತಿದ್ದೇವೆ.

ತೀರ್ಥರೂಪರು 1974ರಲ್ಲಿ ಅಡಿಕೆ ಮಾರಿದ ಹಣದಿಂದ 1965ರ ಅಂಬಾಸಿಡರ್ ಕಾರೊಂದನ್ನು ಎರಡನೆಯ ಕೈಯಲ್ಲಿ ಕೊಂಡರು. ಮಾರ್ಕ್ 2 ಎಂಬ ಮಾದರಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಬಂಗಾಳದ ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆಯವರು ತಯಾರಿಸುತ್ತಿದ್ದ ಆ ಕಾರಿನಲ್ಲಿ 1489 ಸಿ.ಸಿ.ಯ ಪೆಟ್ರೋಲ್ ಇಂಜಿನ್ನಿತ್ತು. ಬಯಲುಸೀಮೆಗೆ ಅದು ಧಾರಾಳವಾಯಿತು. ನಮ್ಮ ಮಲೆನಾಡಿನ ಘಟ್ಟಗಳಿಗೆ ಸಾಲದು. ಏಳು ಜನ ಕುಳಿತು ಏರುಹಾದಿ ಹಿಡಿದರೆ ರೇಡಿಯೇಟರು ಕುದಿಯುತ್ತಿತ್ತು. ಬೇಸಿಗೆಯಲ್ಲಿ ಇನ್ನೊಂದು ಪೀಡೆ: ಕಾದ ಇಂಜಿನ್ನಿನ ಪಕ್ಕದಲ್ಲೇ ಇರುವ ಎ.ಸಿ. ಪಂಪಿನೊಳಗೆ ಪೆಟ್ರೋಲು ಆವಿಯಾಗಿ, ಕಾರ್ಬುರೇಟರಿಗೆ ಹನಿ ಇಂಧನವೂ ತಲುಪದೆ ಕಾರು ನಿಂತುಬಿಡುವುದು. ಪಂಪಿಗೆ ಒದ್ದೆ ಬಟ್ಟೆ ಸುತ್ತಿ ತಣಿಯುವತನಕ ಕಾಯಬೇಕು. ಮಠದಿಂದ ರಜೆಗೆ ಬಂದಾಗ ನೀರಿನ ಡಬ್ಬಿ ಮತ್ತು ಹಳೆಯ ಪಂಚೆಯ ತುಂಡು ಹಿಡಿದು ಮುಂದಿನ ಸೀಟಿನಲ್ಲಿ ಕೂರುವುದೇ ನಮ್ಮ ಕೆಲಸವಾಗಿತ್ತು.

1996ರ ಏಪ್ರಿಲ್. ತಾಯಿಯವರ ಹೃದಯದ ಕಾಯಿಲೆಗೆ ಮಣಿಪಾಲದಲ್ಲಿ ತೋರಿಸಿಕೊಂಡು ಹಿಂದಿರುಗುತ್ತಿದ್ದೆವು. ತೀರ್ಥಹಳ್ಳಿಯಲ್ಲಿ ತಂಗಿಯ ಮನೆ ಇದ್ದುದರಿಂದ ಆಗುಂಬೆಯ ದಾರಿ ಹಿಡಿದಿದ್ದೆವು. ಸೋಮೇಶ್ವರ ದಾಟಿ ಏರತೊಡಗಿ ಆರನೆಯದೋ ಏಳನೆಯದೋ ತಿರುವಿನಲ್ಲಿ ಕಾರು ನಿಂತಿತು. ನಡುಹಗಲು. ಹಿಂದಿನ ಸೀಟಿನಲ್ಲಿ ತಾಯಿಯವರು ಬೆವರಿ, ಮಾತಿಲ್ಲದೆ, ತಂಗಿಯ ಭುಜಕ್ಕೆ ಒರಗಿದ್ದರು. ಒದ್ದೆ ಬಟ್ಟೆ ಸುತ್ತಿದೆವು, ಕಾದೆವು, ಮತ್ತೆ ಸುತ್ತಿದೆವು. ಒಂದೂವರೆ ಗಂಟೆ ಕಳೆಯಿತು. ಅಂದು ತೀರ್ಥರೂಪರು ಒಂದು ಮಾತನ್ನೂ ಆಡಲಿಲ್ಲ. ಮರುವಾರ ಸಾಗರಕ್ಕೆ ಹೋಗಿ ಗ್ಯಾರೇಜಿನ ಸಾಹೇಬರನ್ನು ಕಂಡರು.

ಹೊಸ ಕಾರು ಕೊಳ್ಳುವ ಶಕ್ತಿ ಆಗ ನಮಗಿರಲಿಲ್ಲ. ಅದೇ ಕಾರ್ಖಾನೆಯವರು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅಂಬಾಸಿಡರಿಗೆ ಜಪಾನಿನ ಇಸುಜು ಮಾದರಿಯ 1817 ಸಿ.ಸಿ. ಇಂಜಿನ್ನನ್ನು ಕೂರಿಸಿ ಮಾರತೊಡಗಿದ್ದರು. ಹಳೆಯದರ ಶಕ್ತಿ 50 ಅಶ್ವಶಕ್ತಿಯ ಆಸುಪಾಸು, ಇದರದು 75. ಅಪಘಾತದಲ್ಲಿ ಮೈ ಜಜ್ಜಿಹೋದ ಅಂಥದೊಂದು ಕಾರು ಶಿವಮೊಗ್ಗದಲ್ಲಿ ಮಾರಾಟಕ್ಕಿದೆಯೆಂದು ಸಾಹೇಬರಿಗೆ ಗೊತ್ತಿತ್ತು. ಕಾಗದಪತ್ರ ಸಮೇತ ಅದರ ಇಂಜಿನ್ನನ್ನೂ ಗೇರುಪೆಟ್ಟಿಗೆಯನ್ನೂ ಕೊಂಡೆವು. ದೊಡ್ಡ ಇಂಜಿನ್ನಿನ ಆಸೆ ನಮ್ಮದು ಮಾತ್ರವೇನಲ್ಲ. ನಮ್ಮ ಕಾರಿನಲ್ಲಿದ್ದ ಬಿ ಸೀರೀಸ್ ಇಂಜಿನ್ನನ್ನೇ ಇಂಗ್ಲಿಷರು 1798 ಸಿ.ಸಿ.ಗೆ ಹಿಗ್ಗಿಸಿ 1962ರಲ್ಲಿ ತಮ್ಮ ಎಂ.ಜಿ.ಬಿ. ಕಾರಿಗೆ ಹಾಕಿದ್ದರು.

ಒಂದನ್ನು ತೆಗೆದು ಇನ್ನೊಂದನ್ನು ಇಟ್ಟರೆ ಮುಗಿಯಿತೆಂದು ನಾವು ತಿಳಿದಿದ್ದೆವು. ಹಾಗಲ್ಲ. ಇಂಜಿನ್ನು ಕೂರುವ ಮೌಂಟಿಂಗುಗಳನ್ನು ಹೊಸದಾಗಿ ಬೆಸುಗೆ ಹಾಕಬೇಕಾಯಿತು. ಗೇರುಪೆಟ್ಟಿಗೆಯ ಉದ್ದ ಬೇರೆಯಾದುದರಿಂದ ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ, ಲೇತಿನಲ್ಲಿ ತಿರುಗಿಸಿ, ಓಲಾಡದಂತೆ ತೂಕ ಸರಿಪಡಿಸಬೇಕಾಯಿತು. ದೊಡ್ಡ ರೇಡಿಯೇಟರು, ಬೇರೆ ಕ್ಲಚ್ಚು, ಬೇರೆ ಸೈಲೆನ್ಸರ್ ಕೊಳವೆ ಬಂದವು. ಮೊದಲು ಸ್ಟೇರಿಂಗಿನ ಕೊರಳಲ್ಲಿದ್ದ ಗೇರು ಹಿಡಿ ಈಗ ನೆಲಕ್ಕೆ ಇಳಿಯಿತು. ಮುಂದಿನ ಉದ್ದ ಸೀಟಿನಲ್ಲಿ ಮೂರನೆಯವರಾಗಿ ಕೂರುತ್ತಿದ್ದ ನಮ್ಮ ಸ್ಥಾನ ಅಲ್ಲಿಗೆ ಹೋಯಿತು! ನೋಂದಣಿ ಪ್ರಾಧಿಕಾರದ ಅನುಮತಿ ಪಡೆದು ಹೊಸ ಇಂಜಿನ್ನಿನ ಸಂಖ್ಯೆಯನ್ನು ಆರ್.ಸಿ. ಪುಸ್ತಕದಲ್ಲಿ ಬರೆಸುವವರೆಗೆ ತೀರ್ಥರೂಪರು ಕಾರನ್ನು ರಸ್ತೆಗೆ ಇಳಿಸಗೊಡಲಿಲ್ಲ. ಇಂದು ಇಂಥ ಕೆಲಸಕ್ಕೆ ಹೊರಡುವವರು ಇನ್ನೂ ಎಚ್ಚರವಾಗಿರಬೇಕು. ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸಬಾರದೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ತೀರ್ಪಿತ್ತಿದೆ.

ಕೆಲಸ ಮುಗಿಯುವ ಹೊತ್ತಿಗೆ ಸಾಹೇಬರು, “ಗೌಡ್ರೇ, ಓಡೋದಕ್ಕೆ ನಾನು ಮಾಡಿದ್ದೀನಿ. ನಿಲ್ಲೋದಕ್ಕೂ ಸ್ವಲ್ಪ ದುಡ್ಡು ತೆಗೆದಿಡಿ, ಬ್ರೇಕು ಹಳೇದೇ ಇದೆ” ಎಂದಿದ್ದರು. ಅಡಿಕೆ ಮಾರಿದ ಮೇಲೆ ನೋಡೋಣವೆಂದು ಮುಂದೂಡಿದವರು ನಾವೇ.

1997ರ ನವೆಂಬರಿನಲ್ಲಿ ತಾಯಿಯವರನ್ನು ಮತ್ತೆ ಮಣಿಪಾಲಕ್ಕೆ ಕರೆದೊಯ್ಯುವಾಗ ನಗರ, ಮಾಸ್ತಿಕಟ್ಟೆಗಳ ಮೇಲೆ ಹುಲಿಕಲ್ ಘಾಟಿ ಇಳಿದೆವು. ಬಿದನೂರಿನ ಅರಸರ ಕಾಲದಲ್ಲಿ ಹೇರೆತ್ತುಗಳು ಕರಾವಳಿಗೆ ಇಳಿಯುತ್ತಿದ್ದ ಸೀಮೆ ಅದು. ಕಾರು ಓಡಿಸುತ್ತಿದ್ದವನು ನಮ್ಮ ತಮ್ಮ. ಹಳೆಯ ಇಂಜಿನ್ನಿದ್ದಾಗ ಎರಡನೆಯ ಗೇರಿನಲ್ಲಿ ನಿಧಾನವಾಗಿ ಇಳಿಯುತ್ತಿದ್ದವನು ಅಂದು ಹೊಸ ಹುಮ್ಮಸ್ಸಿನಲ್ಲಿ ಮೂರನೆಯ ಗೇರಿನಲ್ಲಿಯೇ ಇಳಿಸಿದ. ವೇಗ ಒಂದೂವರೆ ಪಟ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ. ಅದಷ್ಟೂ ಶಾಖವಾಗಿ ಡ್ರಮ್ಮಿನೊಳಗೇ ಸೇರುತ್ತದೆ. ಇದನ್ನು ನಾವು ಆಮೇಲೆ ತಿಳಿದುಕೊಂಡೆವು. ಅಂದು ತಿಳಿದದ್ದು ಲೈನರು ಸುಟ್ಟ ವಾಸನೆ ಮಾತ್ರ. ತಮ್ಮ ಪೆಡಲನ್ನು ಎಷ್ಟು ಒತ್ತಿದರೂ ಕಾರು ಹಿಡಿತಕ್ಕೆ ಬರಲಿಲ್ಲ. ಬಲಗಡೆ ಪ್ರಪಾತ, ಎಡಗಡೆ ಧರೆ. ಅವನು ಗದ್ದಲ ಮಾಡದೆ ಗೇರನ್ನು ಕೆಳಕ್ಕೆ ತಂದು, ಕೈಬ್ರೇಕು ಎಳೆದು, ಎಡಗಡೆಯ ಚಕ್ರಗಳನ್ನು ಚರಂಡಿಗೆ ಇಳಿಸಿ, ಧರೆಗೆ ಉಜ್ಜುತ್ತಾ ನಿಲ್ಲಿಸಿದ. ಬಾಗಿಲೆರಡು ತರಚಿದವು. ತೂಕಡಿಸುತ್ತಿದ್ದ ತಾಯಿಯವರು ಕಣ್ಣು ಬಿಟ್ಟು, “ಬಂತೇನ್ರಪ್ಪಾ ಮಣಿಪಾಲ?” ಎಂದರು.

ನಮ್ಮಿಬ್ಬರ ಬಾಯಿಂದಲೂ ಉತ್ತರ ಹೊರಡಲಿಲ್ಲ.

ಡ್ರಮ್ಮು ತಣಿದ ಮೇಲೆ ಮೊದಲನೆಯ ಗೇರಿನಲ್ಲಿ ಹೊಸಂಗಡಿಯವರೆಗೆ ಇಳಿದೆವು. ಆ ತಿಂಗಳೇ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಹಿಂದಕ್ಕೆ ಹೊಸ ಲೈನರು ಹಾಕಿಸಿದೆವು. ಅಡಿಕೆ ಇನ್ನೂ ಮಾರಿರಲಿಲ್ಲ, ಸಾಲ ಮಾಡಿದೆವು. ಆಮೇಲೆ ಆರು ವರ್ಷ ತಾಯಿಯವರು ಆ ಕಾರಿನಲ್ಲಿ ಘಟ್ಟ ಹತ್ತಿ ಇಳಿದರು. ಒಮ್ಮೆಯೂ ದಾರಿಯಲ್ಲಿ ನಿಲ್ಲಲಿಲ್ಲ. 2003ರಲ್ಲಿ ಅವರು ಲಿಂಗೈಕ್ಯರಾದರು. ಮೂರು ವರ್ಷಗಳ ತರುವಾಯ ತೀರ್ಥರೂಪರೂ.

ಈಚೆಗೆ ಬೆಂಗಳೂರಿನಲ್ಲಿರುವ ನಮ್ಮ ತಮ್ಮನ ಮಗ ಒಂದು ಸುದ್ದಿ ತಂದ. ಐವತ್ತು ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ನಿಯಮ ತಂದಿದೆ; 20,000 ರೂಪಾಯಿ ಶುಲ್ಕ, ಹತ್ತು ವರ್ಷಗಳ ಅವಧಿ, ಸಂಖ್ಯೆಯಲ್ಲಿ ವಿ.ಎ. ಎಂಬ ಅಕ್ಷರಗಳು. ಮನೆಯ ಗೌರವಕ್ಕೆ ಅದೊಂದು ಕಿರೀಟವೆಂಬುದು ಅವನ ಉತ್ಸಾಹ. ನಿಯಮವನ್ನು ತರಿಸಿ ಓದಿದೆವು. ಶಾಸ್ತ್ರಪಂಕ್ತಿ ಬಿಡಿಸುವ ಅಭ್ಯಾಸ ಇಲ್ಲಿ ಒದಗಿತು. ವಾಹನ ಮೂಲ ಸ್ವರೂಪದಲ್ಲಿಯೇ ಇರಬೇಕು. ಚಾಸಿ, ಕವಚ, ಇಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಅಲ್ಲದೆ ಅಂಥ ಕಾರನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿ ಮುಂತಾದವುಗಳಿಗೆ ಬಿಟ್ಟು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

“ದೊಡ್ಡಪ್ಪಾ, ಹಳೇ ಇಂಜಿನ್ನು ಕೊಟ್ಟಿಗೆಯಲ್ಲೇ ಇದೆಯಲ್ಲ, ತಿರುಗಿ ಕೂರಿಸೋಣ” ಎಂದ. ಅವನ ತರ್ಕ ಸರಿ. ಆದರೆ ಕತ್ತರಿಸಿದ ಶಾಫ್ಟು, ಬೆಸೆದ ಮೌಂಟಿಂಗು, ಬದಲಾದ ಬ್ರೇಕು? ಮಧ್ಯವರ್ತಿಯೊಬ್ಬರು ಇನ್ನೂ ಸುಲಭದ ದಾರಿ ಸೂಚಿಸಿದರು: ಹಳೆಯ ಇಂಜಿನ್ನಿನ ಸಂಖ್ಯೆಯ ತಗಡನ್ನು ಕಿತ್ತು ಹೊಸದರ ಮೇಲೆ ಹೊಡೆದರಾಯಿತಂತೆ. ಸಂಖ್ಯೆ ಬರೆಸುವವರೆಗೆ ಕಾರನ್ನು ಅಂಗಳದಿಂದ ಹೊರಡಿಸದ ತೀರ್ಥರೂಪರ ನೆನಪಾಗಿ ಅವರಿಗೆ ಚಹಾ ಕೊಟ್ಟು ಕಳುಹಿಸಿದೆವು. ಹುಡುಗ ಎರಡು ದಿನ ಮುಖ ಊದಿಸಿಕೊಂಡಿದ್ದ. ಐದು ವರ್ಷಗಳಿಗೊಮ್ಮೆ ಮಾಡಿಸುತ್ತಿದ್ದ ಸಾಮಾನ್ಯ ನವೀಕರಣವನ್ನೇ ಈ ಬಾರಿಯೂ ಮಾಡಿಸಿದೆವು.

ಈ ಸುದ್ದಿ ಹೇಗೋ ತೀರ್ಥಹಳ್ಳಿಯ ಅಡಿಕೆ ಬೆಳೆಗಾರರೊಬ್ಬರ ಕಿವಿಗೆ ಬಿತ್ತು. ಅವರಲ್ಲಿಯೂ ನಮ್ಮದರಂಥದೇ ಮಾರ್ಕ್ 2 ಕಾರಿತ್ತು; ಇಂಜಿನ್ನಿನ ಬ್ಲಾಕು ಸೀಳಿ ಹತ್ತು ವರ್ಷದಿಂದ ನಿಂತಿತ್ತು. ಅವರು ಪಿಕಪ್ ತಂದು, ಗೋಣಿತಾಟು ಸರಿಸಿ, ಬೆರಳಿಂದ ಧೂಳು ಒರೆಸಿ ಸಂಖ್ಯೆ ಓದಿದರು. ಬೆಲೆ ಕೇಳಿದಾಗ ನಾವು ತೂಕದ ಬೆಲೆಯನ್ನಷ್ಟೇ ಹೇಳಿ, ಆರ್.ಸಿ.ಯಲ್ಲಿ ತೋರಿಸಲು ಮಾರಾಟದ ಪತ್ರ ಬರೆದುಕೊಟ್ಟೆವು. ಇಂಜಿನ್ನು ಚಾಲೂ ಆದ ದಿನ ಫೋನು ಮಾಡಬೇಕೆಂದು ಕೇಳಿಕೊಂಡೆವು. ಎರಡು ತಿಂಗಳಾದ ಮೇಲೆ ಒಂದು ಸಂಜೆ ಫೋನು ಬಂತು. ಅವರು ಮಾತಾಡಲಿಲ್ಲ, ಫೋನನ್ನು ಬಾನೆಟ್ಟಿನ ಬಳಿ ಹಿಡಿದಿದ್ದರು. ಆ ಸದ್ದು ನಮಗೆ ಕೂಡಲೇ ಗುರುತು ಸಿಕ್ಕಿತು. ತಮ್ಮನನ್ನು ಕೂಗಿ ಕರೆದು ಅವನ ಕೈಗೆ ಫೋನು ಕೊಟ್ಟೆವು.