ಕಲ್ಲಾನೆ, ಕಾಡಾನೆ

ಚೆನ್ನೈಗೆ ಊರಿಂದ ಯಾರೇ ಬರಲಿ, ಅವರನ್ನು ಮಹಾಬಲಿಪುರಕ್ಕೆ ಕರಕೊಂಡು ಹೋಗುವುದು ನಮ್ಮ ಹಾಸ್ಟೆಲಿನ ಕನ್ನಡದ ಹುಡುಗರ ಪಾಲಿಗೆ ಬಂದ ಕೆಲಸ. ಏಳನೆಯ ಶತಮಾನದ ಪಲ್ಲವರ ಆ ದೊಡ್ಡ ಬಂಡೆಯ ಮುಂದೆ ನಿಂತ ಕೂಡಲೇ ಚರ್ಚೆ ಶುರು: ಒಂಟಿ ಕಾಲಲ್ಲಿ ತಪಸ್ಸಿಗೆ ನಿಂತವನು ಅರ್ಜುನನೋ, ಭಗೀರಥನೋ? ವಿದ್ವಾಂಸರಿಗೇ ಒಮ್ಮತವಿಲ್ಲ, ಬಿಡಿ. ನನ್ನ ಕಣ್ಣು ಮಾತ್ರ ಆನೆಗಳ ಮೇಲೆ.

ನಾನು ಸಕಲೇಶಪುರದ ಕಡೆಯವನು. ನಮಗೆ ಹತ್ತಿರದ ಬೇಲೂರಿನಲ್ಲೂ ಆನೆಗಳಿವೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ ಗೋಡೆಯ ತೀರ ಕೆಳಗಿನ ಸಾಲು ಆನೆಗಳದೇ. ಏನು ಕುಸುರಿ, ಏನು ಗತ್ತು! ಆದರೆ ಅವು ದುಡಿಮೆಯ ಆನೆಗಳು. ಇಡೀ ಗುಡಿಯನ್ನು ಹೊತ್ತುಕೊಂಡು ನಡೆದೇ ಇವೆ. ಮಹಾಬಲಿಪುರದ ಆನೆ ಯಾರನ್ನೂ ಹೊತ್ತಿಲ್ಲ. ಅಂಬಾರಿಯಿಲ್ಲ, ಮಾವುತನಿಲ್ಲ. ಸಲಗ ಮುಂದೆ, ಹೆಣ್ಣಾನೆ ಹಿಂದೆ, ಹೊಟ್ಟೆಯಡಿಯಲ್ಲಿ ಮರಿಗಳು. ಸಂಸಾರ ಸಮೇತ ನೀರಿಗೆ ಬಂದಿವೆ, ಅಷ್ಟೆ. ಇನ್ನೊಂದು ಕಡೆ ಜಿಂಕೆಯೊಂದು ಹಿಂಗಾಲಿನಿಂದ ಮೂತಿ ಕೆರೆದುಕೊಳ್ಳುತ್ತಿದೆ. ಶಿವ ವರ ಕೊಡುವ ಹೊತ್ತಿನಲ್ಲೂ ಅದಕ್ಕೆ ಅದರ ತುರಿಕೆಯೇ ದೊಡ್ಡದು! ತಪಸ್ವಿಯ ಹಾಗೇ ಕೈಯೆತ್ತಿ ನಿಂತ ಬೆಕ್ಕು, ಸುತ್ತ ಇಲಿಗಳು. ಆ ನಗೆ ಯಾರನ್ನು ಕುರಿತದ್ದು ಅಂತ ಬೇರೆ ಹೇಳಬೇಕೆ?

ಇದನ್ನೆಲ್ಲ ಮನೆಯಲ್ಲಿ ಹೇಳಿದರೆ ಅಪ್ಪ ನಗುವುದಿಲ್ಲ. "ಕಲ್ಲಾನೆ ಭತ್ತ ತಿನ್ನಲ್ಲ ಕಣೋ, ಚೆಂದಾಗೇ ಇರ್ತದೆ" ಅನ್ನುತ್ತಾರೆ. ಹೋದ ವರ್ಷ ಕೊಯ್ಲಿಗೆ ವಾರವಿದ್ದಾಗ ಒಂದೇ ರಾತ್ರಿಗೆ ಅರ್ಧ ಗದ್ದೆ ಹೋಯಿತು. ಕತ್ತಲಾದ ಮೇಲೆ ಅವ್ವನಿಗೆ ಕೊಟ್ಟಿಗೆಗೆ ಹೋಗುವುದಕ್ಕೂ ಹೆದರಿಕೆ. ಅದೇ ಅವ್ವ ಬೆಳಗ್ಗೆ ಕೆಸರಿನಲ್ಲಿ ಆನೆಹೆಜ್ಜೆ ಕಂಡರೆ "ಗಣಪ ಬಂದಿದ್ದ" ಅಂತ ಕೈ ಮುಗಿಯುತ್ತಾಳೆ.

ಅಪ್ಪನ ಮಾತು ಸುಳ್ಳಲ್ಲ. ಆದರೆ ಗದ್ದೆಗಿಳಿಯುವ ಹಿಂಡಿನಲ್ಲೂ ಮರಿಗಳು ತಾಯಿಯ ಹೊಟ್ಟೆಯಡಿಯಲ್ಲೇ ಬರುತ್ತವೆ. ಟಾರ್ಚು ಬಿಟ್ಟು ನೋಡಿ ಹೇಳಿದವರೂ ಅಪ್ಪನೇ. ಸಾವಿರದ ಮುನ್ನೂರು ವರ್ಷದ ಹಿಂದಿನ ಆ ಶಿಲ್ಪಿಯೂ ಇದನ್ನು ಕಣ್ಣಾರೆ ಕಂಡೇ ಕೆತ್ತಿರಬೇಕು. ನಾವು ಆನೆಯನ್ನು ದೇವರು ಮಾಡಿದೆವು, ಹೊರೆಯಾಳು ಮಾಡಿದೆವು, ಈಗ ಕಳ್ಳ ಅನ್ನುತ್ತಿದ್ದೇವೆ. ಅವನು ಅದನ್ನು ಆನೆಯಾಗಿರಲು ಬಿಟ್ಟ.

ಬೆಳೆ ಪರಿಹಾರದ ಅರ್ಜಿ ಬರೆಯುವುದು ಮನೆಯಲ್ಲಿ ನನ್ನ ಕೆಲಸ. ಬರೆಯದೆ ಬಿಡುವುದಿಲ್ಲ, ಹೋದದ್ದು ನಮ್ಮ ಅನ್ನ. ಆದರೆ "ಈ ಕಾಡಿನಲ್ಲಿ ಒಂದಾನೆಯೂ ಇರಕೂಡದು" ಅಂತ ಬರೆ ಎಂದು ಊರವರು ಹೇಳುವ ಸಾಲು ಮಾತ್ರ, ಗೆಳೆಯರೇ, ನನ್ನ ಕೈಯಿಂದ ಬರುವುದಿಲ್ಲ.