ಮುಳ್ಳಯ್ಯನಗಿರಿಯ ಏರಿನಲ್ಲಿ ಕಿಡಿಯ ಲೆಕ್ಕ

ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ ಹೊರಟರೆ ಕಾಫಿ ತೋಟಗಳ ನೆರಳು ಮುಗಿದು ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಶಿಖರದ ಎತ್ತರ ಸುಮಾರು 1,930 ಮೀಟರ್; ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಜಾಗವಿಲ್ಲ. ಇಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಐದನೆಯ ಒಂದು ಪಾಲು ಕಡಿಮೆ. ಮನುಷ್ಯರಿಗೆ ಅದು ಅಷ್ಟಾಗಿ ತಿಳಿಯದು. ತೋಟದ ಮಣ್ಣುದಾರಿಯಲ್ಲಿ ಓಡಾಡುವ ಹಳೆಯ ಕಾರ್ಬ್ಯುರೇಟರ್ ಬೈಕಿಗೆ ಚೆನ್ನಾಗಿ ತಿಳಿಯುತ್ತದೆ. ಗಾಳಿ ಸಾಲದೆ ಪೆಟ್ರೋಲು ಹೆಚ್ಚಾಗಿ ಸ್ಪಾರ್ಕ್ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಮಂಜು ಕವಿದ ಏರಿನ ನಡುವೆ ಬೈಕು ತೊದಲಿ ನಿಂತರೆ ಹಿಂದೆ ಕೂತ ಮಗ ಇಳಿದು ತಳ್ಳಬೇಕು.

ಮೊದಲ ಕೆಲಸ ಕಾಯುವುದು. ಎಂಜಿನ್ ಬಿಸಿಯಿರುವಾಗಲೇ ಪ್ಲಗ್ ತಿರುಗಿಸಿದರೆ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಕಿತ್ತುಬರಬಹುದು. ಆಮೇಲೆ ಊರಿನ ಗ್ಯಾರೇಜೇ ಗತಿ. ತಣಿದ ಪ್ಲಗ್ಗನ್ನು ಕಳಚಿ, ಮಸಿ ಒರೆಸಿ, ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಬೇಕು. ಸಾಮಾನ್ಯವಾಗಿ ಅದು 0.6ರಿಂದ 0.9 ಮಿಲಿಮೀಟರ್, ಸರಿಯಾದ ಅಳತೆ ಆಯಾ ಬೈಕಿನ ಕೈಪಿಡಿಯಲ್ಲಿರುತ್ತದೆ. ಗೇಜಿನ ಪಟ್ಟಿ ತುಸು ಹಿಡಿದು ಜಾರಿದರೆ ಸಾಕು. ಬಗ್ಗಿಸಬೇಕಾದ್ದು ಪಕ್ಕದ ಕೊಕ್ಕೆಯನ್ನು ಮಾತ್ರ, ಅದೂ ಮೆಲ್ಲಗೆ. ನಡುವಿನ ಕಡ್ಡಿಯನ್ನು ಮೀಟಿದರೆ ಸುತ್ತಲಿನ ಪಿಂಗಾಣಿ ಬಿರುಕು ಬಿಡುತ್ತದೆ. ಸಂದು ತೀರ ಕಿರಿದಾದರೆ ಕಿಡಿ ಬಡಕಲು. ತೀರ ಅಗಲವಾದರೆ ಹಾರುವುದೇ ಇಲ್ಲ.

ಇಷ್ಟಾದ ಮೇಲೂ ಸೀತಾಳಯ್ಯನಗಿರಿ ತಲುಪುವಷ್ಟರಲ್ಲಿ ಪ್ಲಗ್ ಮತ್ತೆ ಕಪ್ಪಾದರೆ ಸಂದನ್ನು ದೂರಿ ಫಲವಿಲ್ಲ. ನೋಡಬೇಕಾದ್ದು ಕಾರ್ಬ್ಯುರೇಟರನ್ನು.